ಮಡಿಲಲ್ಲೊಂದು ಕೋತಿ

ಹೆದರುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಹಲ್ಲಿ, ಸೂಜಿ, ಗುಡುಗು, ಎಲ್ಲಕ್ಕೂ ಹೆದರುತ್ತೇನೆ; ಎಲ್ಲಕ್ಕಿಂತ ಹೆಚ್ಚಾಗಿ ಕೋತಿಗೆ. ಎಂಬತ್ತರ ದಶಕದ ಮೊದಲಲ್ಲಿ ವೈಟ್‌ಫೀಲ್ಡಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ ನಾನು ಕಾಡುಗೋಡಿಯಲ್ಲಿ ಮುನಿಯಪ್ಪನವರ ಹೆಂಚಿನ ಮನೆಯಲ್ಲಿ ಬಾಡಿಗೆಗಿದ್ದೆ. ರಸ್ತೆಯುದ್ದಕ್ಕೂ ಆಲದ ಮರಗಳು, ಮರದ ತುಂಬ ಕೋತಿಗಳು. ಹೆಂಡತಿ ಅವನ್ನು ಗದರಿಸುತ್ತಲೇ ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದಳು. ನಾನು ಕಿಟಕಿಯ ಒಳಗಿನಿಂದ ಅವಳಿಗೆ ಧೈರ್ಯ ಹೇಳುತ್ತಿದ್ದೆ.

ಪಕ್ಕದ ಕೋಣೆಗೆ ವಸಂತಾ ಎಂಬ ಸಂಶೋಧಕಿ ಬಾಡಿಗೆಗೆ ಬಂದರು. ಕಾಡುಗೋಡಿಯಿಂದ ಜಿಗಣಿಯವರೆಗೆ ಎಲ್ಲೆಲ್ಲಿ ಕೋತಿಗಳ ಗುಂಪಿದೆಯೆಂದು ಗುರುತು ಹಾಕಿಕೊಂಡು, ಒಂದೊಂದು ಗುಂಪಿನದೂ ಸ್ವಲ್ಪ ರಕ್ತ ತೆಗೆದು, ಅವುಗಳ ವಂಶ ಎಷ್ಟು ಬೆರೆತಿದೆಯೆಂದು ನೋಡುವುದು ಅವರ ಕೆಲಸ. ಒಂದು ಭಾನುವಾರ ಅವರ ಜೊತೆಗಾರ್ತಿ ಜ್ವರವೆಂದು ಬರಲಿಲ್ಲ. “ಸಾರ್, ಹತ್ತೇ ನಿಮಿಷ. ಒಂದು ಮರೀನ ಸುಮ್ನೆ ಹಿಡ್ಕೊಂಡ್ರೆ ಸಾಕು,” ಎಂದರು ವಸಂತಾ. ನಾನು ನೆಪ ಹುಡುಕುವಷ್ಟರಲ್ಲಿ ಹೆಂಡತಿ, “ಅದಕ್ಕೇನಂತೆ, ಬರ್ತಾರೆ,” ಎಂದುಬಿಟ್ಟಳು.

ಬೋನಿಗೆ ಬಿದ್ದಿದ್ದ ಎಳೆಯ ಕೋತಿಗೆ ಮತ್ತಿನ ಔಷಧಿ ಚುಚ್ಚಿ, ರಕ್ತ ತೆಗೆದು, ಟವೆಲಿನಲ್ಲಿ ಸುತ್ತಿ, ಮನೆ ಮುಂದಿನ ಆಲದ ಕಟ್ಟೆಯ ಮೇಲೆ ಕೂತಿದ್ದ ನನ್ನ ಮಡಿಲಿಗಿಟ್ಟರು. ರಕ್ತದ ಸೀಸೆಯನ್ನು ಐಸಿನಲ್ಲಿಡಲು ಕೋಣೆಗೆ ಹೋದರು. ಆಗ ಮರದಿಂದ ಒಂದೊಂದಾಗಿ ಇಳಿದ ಇಡೀ ಗುಂಪು ಕಟ್ಟೆಯ ಸುತ್ತ ಕೂತಿತು. ತಾಯಿ ಒಂದು ಮಾರು ದೂರದಲ್ಲಿ. ಅದರ ಹಿಂದೆ ದೊಡ್ಡ ಗಡವ, ಹುಬ್ಬೇರಿಸಿ ಹಲ್ಲು ತೋರಿಸುತ್ತ. ನನ್ನ ಬನಿಯನ್ ಬೆವರಿನಲ್ಲಿ ತೊಯ್ದಿತು. ಓಡೋಣವೆಂದರೆ ಮಡಿಲಲ್ಲಿ ಅವುಗಳದೇ ಮರಿ. ಅಷ್ಟರಲ್ಲಿ ಅದು ಮಿಸುಕಿ, ಕಣ್ಣು ಬಿಡದೆಯೇ ನನ್ನ ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿತು.

“ಅಲ್ಲಾಡ್‌ಬ್ಯಾಡಿ ಸ್ವಾಮಿ, ಅಂಗೇ ಕುಂತಿರಿ!” ಎಂದು ಮುನಿಯಪ್ಪ ಬಾಗಿಲಿನಿಂದ ಕೂಗಿದರು.

ವಸಂತಾ ಮೆಲ್ಲಗೆ ಬಂದು ಮರಿಯನ್ನು ನೆಲಕ್ಕಿಟ್ಟರು. ತಾಯಿ ಅದನ್ನು ಎದೆಗವಚಿಕೊಂಡು ಮರ ಹತ್ತಿತು.

“ಇದು ಗಂಡು, ಸಾರ್. ದೊಡ್ಡದಾದ್ಮೇಲೆ ಈ ಸಾಲುಮರ ಹಿಡ್ಕೊಂಡು ಬೇರೆ ಗುಂಪಿಗೆ ಹೋಗತ್ತೆ. ಹಾಗೇ ವಂಶ ಬೆರೆಯೋದು. ಮರ ಹೋದ್ರೆ ದಾರೀನೂ ಹೋಯ್ತು,” ಎಂದರು ಅವರು.

ಊರಿನಲ್ಲಿ ನಾನು ಧೈರ್ಯಸ್ಥನೆಂದು ಹೆಸರಾಯಿತು. ನಾನೂ ಇಲ್ಲವೆನ್ನಲಿಲ್ಲ. ಮರುವರ್ಷ ರಸ್ತೆ ಅಗಲ ಮಾಡಲು ಮರಗಳಿಗೆ ಸುಣ್ಣದ ಗುರುತು ಬಿದ್ದಾಗ, ತಕರಾರು ಕೇಳಲು ಪಂಚಾಯ್ತಿ ಕಚೇರಿಯಲ್ಲಿ ಸಭೆ ಕರೆದರು. “ಕ್ವಾತಿಗೇ ಎದರ್ಲಿಲ್ಲ ನೀವು, ನೀವೇ ಯೋಳಿ,” ಎಂದು ಮುನಿಯಪ್ಪ ನನ್ನನ್ನು ಮುಂದಕ್ಕೆ ತಳ್ಳಿದರು. ರಸ್ತೆ ಇಲಾಖೆಯ ಸಾಹೇಬರು ಕನ್ನಡಕದ ಮೇಲಿನಿಂದ ನೋಡಿ, “ಏನ್ರೀ?” ಎಂದರು. ಆ ಮರಿಯ ದಾರಿಯ ಮಾತು ಗಂಟಲವರೆಗೆ ಬಂದಿತ್ತು.

“ಸಾರ್, ಫ್ಯಾನ್ ಜೋರು ಮಾಡ್ಲಾ?” ಎಂದೆ.