ಚಿಪ್ಪಿಕಲ್ಲಿನ ಯೋಗಕ್ಷೇಮ

ನಾನು ಈವರೆಗೆ ಎಷ್ಟು ಚಿಪ್ಪಿಕಲ್ಲು ತಿಂದಿರಬಹುದೋ ಲೆಕ್ಕ ಇಟ್ಟವನಲ್ಲ. ತಿಂದದ್ದಕ್ಕೆ ಪಶ್ಚಾತ್ತಾಪವೂ ಇಲ್ಲ. ಹೊಳೆಯ ದಡದಲ್ಲಿ ಹುಟ್ಟಿದವನಿಗೆ ಚಿಪ್ಪಿನೊಳಗಿನ ಆ ಮಾಂಸವೇ ಊಟ. ನನ್ನ ಪಶ್ಚಾತ್ತಾಪವೆಲ್ಲ ತಿನ್ನದೆ ಬಿಟ್ಟ ಒಂದೇ ಒಂದು ಚಿಪ್ಪಿಕಲ್ಲಿನ ಬಗ್ಗೆ. ಅದು ಉಪ್ಪುಂದದ ನಮ್ಮ ಮನೆಯ ಚಾವಡಿಯಲ್ಲಿ, ಗಾಜಿನ ತೊಟ್ಟಿಯೊಳಗೆ, ಹವಳದ ನಡುವೆ ಕೂತಿದೆ.

ತೊಟ್ಟಿ ನನ್ನ ಸೊಸೆ ಅಶ್ವಿನಿಯದು. ಮದುವೆಯಾಗಿ ಬ್ರಹ್ಮಾವರದ ತವರಿನಿಂದ ಬರುವಾಗ ಬೀರು, ಹಾಸಿಗೆ ಎಲ್ಲ ಟೆಂಪೋದಲ್ಲಿ ಬಂದವು. ಚಿಪ್ಪಿಕಲ್ಲು ಮಾತ್ರ ಬಕೆಟ್ಟಿನೊಳಗೆ ಅವಳ ಮಡಿಲಲ್ಲಿ ಕೂತು ಬಂತು. ಎಲ್ಲೋ ಹೊರದೇಶದಲ್ಲಿ ಸಾಕಿ ಬೆಳೆಸಿದ ಜಾತಿಯಂತೆ. ಬಾಯಿ ತೆರೆದರೆ ನೀಲಿ ಮಾಂಸ ಸೆರಗಿನಂತೆ ಹೊರಚೆಲ್ಲಿ ಮೆಲ್ಲಗೆ ಅಲೆಯುತ್ತದೆ. ದೀಪದ ಬೆಳಕು ನೀರಿನಲ್ಲಿ ನಡುಗಿ ಗೋಡೆಯ ಮೇಲೆಲ್ಲ ಹರಿಯುವಾಗ ನಮ್ಮ ಚಾವಡಿಯೇ ಸಮುದ್ರದ ತಳಕ್ಕೆ ಇಳಿದಂತೆ, ನಾನು ಆರಾಮಕುರ್ಚಿ ಸಮೇತ ತೇಲುತ್ತಿರುವಂತೆ ಅನ್ನಿಸುತ್ತದೆ. ಬೆಳಗಿನ ಕಾಫಿ ಕುಡಿದು ಹಾಗೆ ತೇಲುವುದೇ ನನ್ನ ಹೊಸ ಉದ್ಯೋಗವಾಯಿತು.

ತೇಲಿಕೊಂಡೇ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ಗಂಗೊಳ್ಳಿಯ ಮೀನು ಮಾರುಕಟ್ಟೆಯಲ್ಲಿ ಚಿಪ್ಪಿಕಲ್ಲು ಆರಿಸುವುದರಲ್ಲಿ ನನ್ನ ಬೆರಳಿಗೊಂದು ಹೆಸರಿದೆ. ಬಾಯಿ ತೆರೆದದ್ದನ್ನು ಮುಟ್ಟಿ ನೋಡಬೇಕು. ಮುಚ್ಚಿಕೊಂಡರೆ ಜೀವ ಇದೆ, ಚೀಲಕ್ಕೆ ಹಾಕಬಹುದು. ಮುಚ್ಚದಿದ್ದರೆ ಸತ್ತಿದೆ, ಎಸೆಯಬೇಕು. ಹೈಸ್ಕೂಲಿನಲ್ಲಿ ಕಲಿತದ್ದೆಲ್ಲ ಮರೆತರೂ ಇದು ಮರೆತಿಲ್ಲ. ಸೊಸೆಯ ಚಿಪ್ಪಿಕಲ್ಲು ಅಷ್ಟಗಲ ಬಾಯಿ ತೆರೆದು ಕೂತದ್ದು ಕಂಡು ಸತ್ತೇ ಹೋಯಿತೆಂದುಕೊಂಡೆ. ತೆಂಗಿನ ಗರಿಯ ಕಡ್ಡಿಯೊಂದನ್ನು ತಂದು ಮೆಲ್ಲಗೆ ಮುಟ್ಟಿಸಿದೆ. ಮುಚ್ಚಿಕೊಂಡಿತು. ಸದ್ಯ, ಜೀವ ಇದೆ. ಸ್ವಲ್ಪ ಹೊತ್ತಿಗೆ ಮತ್ತೆ ತೆರೆಯಿತು, ಮತ್ತೆ ಅನುಮಾನ, ಮತ್ತೆ ಕಡ್ಡಿ. ಸೊಸೆ ಶಾಲೆಗೆ ಪಾಠ ಹೇಳಲು ಹೋದ ಹೊತ್ತಿನಲ್ಲಿ ಅವಳ ಆಸ್ತಿ ಕಾಯುವುದು ಮಾವನ ಧರ್ಮವಲ್ಲವೇ?

ಬರಬರುತ್ತ ನೀಲಿ ಮಂಕಾಯಿತು, ಸೆರಗು ಒಳಗೇ ಉಳಿಯಿತು. ಅಶ್ವಿನಿ ಉಪ್ಪು ಅಳೆದಳು, ನೀರು ಬದಲಿಸಿದಳು, ದೀಪ ಬದಲಿಸಿದಳು. ನಾನು ಬೇಸರದಿಂದ ತಲೆಯಾಡಿಸುತ್ತ ಅವಳಿಗೆ ನೀರು ಎತ್ತಿಕೊಟ್ಟೆ. ಒಂದು ಸಂಜೆ ಅವಳು ತವರಿನಿಂದ ತಂದ ಆ ಬಕೆಟ್ಟನ್ನು ತೊಳೆಯುತ್ತ ಕೂತಿದ್ದಳು.

“ಈ ಮನಿ ನೀರ್ ಅದ್ಕ್ ಆತಿಲ್ಲೆ ಅಂದ್ ಕಾಣತ್ತ್, ಮಾವ. ನನ್ ತಮ್ಮ ನಾಳೆ ಬಂದ್ ತಕಂಡ್ ಹೋತ.”

“ನಿಂಗೂ ಆತಿಲ್ಯಾ ಹೆಣೆ, ಈ ಮನಿ ನೀರ್?” ಎಂದಳು ನನ್ನ ಹೆಂಡತಿ, ತಮಾಷೆಗೆ.

ಸೊಸೆ ನಗಲಿಲ್ಲ. “ನನ್ ಕೈಗುಣವೇ ಸರಿ ಇಲ್ಲೆ ಅತ್ತೆ” ಎಂದಳು. ಆ ಬಕೆಟ್ಟಿನ ಜೊತೆ ಅವಳ ಮನಸ್ಸೂ ಬ್ರಹ್ಮಾವರದ ಬಸ್ಸು ಹತ್ತುವುದು ನನಗೆ ಕಂಡಿತು. ಇನ್ನು ಸುಮ್ಮನಿರಲು ಆಗಲಿಲ್ಲ.

“ನಿನ್ ತಪ್ಪಲ್ಲ ಹೆಣೆ. ದಿನಾ ಕಡ್ಡಿ ಹಾಕಿ ಅದ್ನ್ ಕುತ್ತುದ್ ನಾನೇ.”

“ಎಂತಕ್ಕೆ ಮಾವ?”

“ಜೀವ ಇತ್ತಾ ಕಾಂಬುಕೆ.”

ಹೆಂಡತಿ ಸೊಸೆಯ ಕಡೆ ತಿರುಗಿ ಹೇಳಿದಳು, “ಮದ್ವಿ ಆದ್ ಹೊಸ್ತ್ರಲ್ಲಿ ನಂಗೂ ಹೀಂಗೇ ಮಾಡ್ತಿದ್ರ್. ಎಬ್ಸಿ, ನಿದ್ರಿ ಬಂತಾ ಅಂದ್ ಕೇಂಬುದ್.”

ಅಶ್ವಿನಿ ನಕ್ಕಳು, ಕಣ್ಣೊರೆಸಿಕೊಂಡಳು, ಆಮೇಲೆ ನನಗೆ ಪಾಠ ಹೇಳಿದಳು. ಆ ನೀಲಿ ಸೆರಗಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇದೆಯಂತೆ. ಅದು ಬೆಳಕಿನಿಂದ ಅಡುಗೆ ಮಾಡಿ ಚಿಪ್ಪಿಕಲ್ಲಿಗೆ ಬಡಿಸುತ್ತದಂತೆ. ಬಾಯಿ ಮುಚ್ಚಿದರೆ ಉಪವಾಸ. ಅಂಚಿನುದ್ದಕ್ಕೂ ನೂರಾರು ಪುಟ್ಟ ಕಣ್ಣುಗಳೂ ಇವೆಯಂತೆ, ಆದರೆ ಅವುಗಳಿಗೆ ಮುಖ ಕಾಣುವುದಿಲ್ಲ, ನೆರಳು ಮಾತ್ರ. ನಾನು ಅದರ ಆಪ್ತನೆಂದುಕೊಂಡಿದ್ದೆ. ಅಷ್ಟು ಕಣ್ಣುಗಳಿಗೆ ನಾನು ಕಂಡದ್ದು ಕಾಫಿ ಕುಡಿದು ಬರುವ ಒಂದು ಕತ್ತಲೆಯಾಗಿ.

ತಮ್ಮ ಬರುವುದು ಬೇಡವೆಂದು ಫೋನು ಹೋಯಿತು. ನನಗೊಂದು ಅಪ್ಪಣೆಯೂ ಆಯಿತು: “ಇನ್ ನೆಲದ್ ಮೇಲೆ ಕೂಕಂಡ್ ಕಾಣಿ, ಮಾವ. ನೆರಳ್ ಬೀಳುಕಾಗ.”

ಹಾಗಾಗಿ ಈಗ ನೆಲದ ಮೇಲೆ ಕೂರುತ್ತೇನೆ. ನೀಲಿ ಅಂಚಿನಿಂದ ಮರಳಿ ಬರುತ್ತಿದೆ. ಕೆಳಗಿನಿಂದ ನೋಡಿದರೆ ಅದು ಎಲ್ಲಿ ಮುಗಿಯುತ್ತದೆ, ನೀರು ಎಲ್ಲಿ ಶುರುವಾಗುತ್ತದೆ ಎಂದೇ ತಿಳಿಯುವುದಿಲ್ಲ. ನೋಡುತ್ತ ನೋಡುತ್ತ ಮಧ್ಯಾಹ್ನವಾಗಿರುತ್ತದೆ. ಏಳುವುದಕ್ಕೆ ಮಾತ್ರ ಮೊಣಕಾಲು ಒಪ್ಪುವುದಿಲ್ಲ. ಎಬ್ಬಿಸಲು ಯಾರಾದರೂ ಬಂದರೆ ಅವರ ನೆರಳು ಬಿದ್ದು ಚಿಪ್ಪಿಕಲ್ಲು ಊಟ ಬಿಟ್ಟು ಒಳಗೆ ಹೋಗುತ್ತದೆ. ನನ್ನ ಊಟದ ಬಟ್ಟಲನ್ನು ದೂರದಿಂದಲೇ ಇತ್ತ ತಳ್ಳಬಹುದಲ್ಲ ಎಂದು ಒಮ್ಮೆ ಹೆಂಡತಿಗೆ ಸೂಚಿಸಿದೆ.

“ಅಲ್ಲಿ ಅಷ್ಟ್ ಬೆಳ್ಕ್ ಇತ್ತಲೆ,” ಎಂದು ಅಡುಗೆಮನೆಯಿಂದ ಉತ್ತರ ಬಂತು, “ಅದನ್ನೇ ಉಣ್ಣಿ.”