ಕಾಕಾ ಕಿತ್ತ ಮೂರು ಸರಳು

ನಮ್ಮ ಕಾಕಾ ಸುಡದೆ ಬಿಟ್ಟ ಪದಾರ್ಥ ಈ ಲೋಕದಲ್ಲಿ ಒಂದೇ, ಮಜ್ಜಿಗೆ. ಹಾಗಂತ ನಾನು ನಾಲ್ಕು ಜನರ ಮುಂದೆ ಹೇಳುತ್ತಾ ಬಂದಿದ್ದೆ. ಒಂದು ದಿನ ಹಿತ್ತಲಿಗೆ ಹೋಗಿ ನೋಡುತ್ತೇನೆ, ಹಂಚಿನ ಚೂರೊಂದನ್ನು ಕೆಂಡದಲ್ಲಿ ಕೆಂಪಗೆ ಕಾಸಿ ಮಜ್ಜಿಗೆಯ ಗಡಿಗೆಯೊಳಗೆ ಚುಂಯ್ ಎಂದು ಮುಳುಗಿಸುತ್ತಿದ್ದಾರೆ! ಅಂದಿನಿಂದ ಆ ಮಾತು ಹೇಳುವುದನ್ನೂ ಬಿಟ್ಟೆ.

ಕಾಕಾ ಎಂದರೆ ನಮ್ಮವರ ಕಾಕಾ, ನನ್ನ ಮಾವನವರ ತಮ್ಮ. ನಾನು ಹುಕ್ಕೇರಿಯ ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಮಾವ ಇರಲಿಲ್ಲ. ಹಿರಿಯರೆಂದರೆ ಕಾಕಾ ಮತ್ತು ಅವರ ಹೆಂಡತಿ ಕಾಕೂ ಇಬ್ಬರೇ. ಕಾಕಾ ಮೂವತ್ತು ವರ್ಷ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ದುಡಿದವರು. ಅಲ್ಲಿಯ ಸೈರನ್ನು, ಆ ಭೋಂಗಾ ಕೂಗಿದರೆ ಏಳಬೇಕು, ಭೋಂಗಾ ಕೂಗಿದರೆ ಉಣ್ಣಬೇಕು. ಕೆಲಸ ಬಿಟ್ಟು ಊರಿಗೆ ಬಂದರೆ ಇಲ್ಲಿ ಕೂಗುವವರು ಯಾರು? ಆರು ತಿಂಗಳು ಮುಂಬಾಗಿಲ ಕಟ್ಟೆಯ ಮೇಲೆ ಕೂತು ತಮ್ಮ ಅಂಗೈ ತಾವೇ ನೋಡಿಕೊಳ್ಳುತ್ತಿದ್ದರು. ಪುಣ್ಯಾತ್ಮರು ಹಾಗೇ ಕೂತಿದ್ದರೆ ನನ್ನ ಅಡುಗೆಮನೆ ಉಳಿಯುತ್ತಿತ್ತು!

ಆ ವರ್ಷ ಮಳೆಗಾಲದಲ್ಲಿ ಕಾಕೂಗೆ ಇಪ್ಪತ್ತೊಂದು ದಿನದ ಜ್ವರ ಬಂತು. ಜ್ವರವೇನೋ ಹೋಯಿತು. ಆದರೆ ಹೋಗುವಾಗ ನಾಲಿಗೆಯ ರುಚಿಯನ್ನೂ ಜೊತೆಗೆ ಒಯ್ದಿತು. ಏನು ತಿಂದರೂ ಮಣ್ಣು. ಒಮ್ಮೆ ನಾನು ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ನಮ್ಮವರು ಮೊದಲ ತುತ್ತಿಗೇ ಕಣ್ಣು ಬಿಟ್ಟು ನನ್ನನ್ನು ನೋಡಿದರು. ಕಾಕೂ ಮಾತ್ರ ಏನೂ ಗೊತ್ತಾಗದೆ ನಾಲ್ಕು ತುತ್ತು ಉಂಡು ಗಂಗಾಳ ಸರಿಸಿದರು. ದಿನದಿನಕ್ಕೂ ಊಟ ಇಳಿಯಿತು. ಕೈ ಎತ್ತಿದರೆ ಹಸಿರು ಬಳೆಗಳು ಮೊಣಕೈತನಕ ಜಾರುತ್ತಿದ್ದವು. ವೈದ್ಯರು ಕಾಕಾನನ್ನು ಹೊರಗೆ ಕರೆದು ಹೇಳಿಬಿಟ್ಟರು, "ಔಷಧದ ಕೆಲಸ ಮುಗೀತ್ರಿ. ಇನ್ನ ಹೊಟ್ಟಿಗೆ ಅನ್ನ ಹೋದ್ರ ಉಳೀತಾರ. ಇಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ."

ಎಲ್ಲ ಅನಾಹುತಕ್ಕೂ ಮೂಲ ಒಂದು ಬದನೆಕಾಯಿ. ಕಾಕಾ ಅದನ್ನು ನೀರೊಲೆಯ ಕೆಂಡದಲ್ಲಿಟ್ಟು ಮರೆತರು. ಅದು ಕರಕಲಾಯಿತು. ಕಾಕೂ ಅದರ ಒಂದು ಚೂರು ಬಾಯಿಗೆ ಹಾಕಿಕೊಂಡು, "ಇದು ಏನೋ ಒಂಚೂರು ನಾಲಿಗಿಗಿ ಹತ್ತಿದಂಗ ಆತ ನೋಡ್ರಿ" ಎಂದರು. ಸಾಕಲ್ಲ! ಆ ಕ್ಷಣದಿಂದ ಕಾಕಾನ ಸಿದ್ಧಾಂತ ಸಿದ್ಧವಾಯಿತು: ಕರಕಲಾದದ್ದು ಹತ್ತುತ್ತದೆ, ಆದ್ದರಿಂದ ಎಲ್ಲವೂ ಕರಕಲಾಗಬೇಕು. ಅದೂ ಒಳಗಲ್ಲ, ಒಳಗಿನ ಹೊಗೆಗೆ ಕಾಕೂಗೆ ಕೆಮ್ಮು. ಹಿತ್ತಲಲ್ಲಿ, ಬಯಲಿನಲ್ಲಿ, ಕಬ್ಬಿಣದ ಜಾಳಿಗೆಯ ಮೇಲೆ.

ಜಾಳಿಗೆಗೆ ಕಬ್ಬಿಣ ಎಲ್ಲಿಂದ ಬರಬೇಕು? ಲಡಾಯಿಯ ಕಾಲ, ಕಬ್ಬಿಣವೆಲ್ಲ ಯುದ್ಧಕ್ಕೇ ಹೋಗಿ ಬಜಾರಿನಲ್ಲಿ ಒಂದು ಮೊಳೆ ಸಿಕ್ಕರೆ ಹೆಚ್ಚು. ನಾನು ನೀರು ತಂದು ಕೊಡ ಇಳಿಸಿ ನೋಡಿದರೆ ಅಡುಗೆಮನೆಯ ಕಿಟಕಿ ಬಾಯಿ ತೆರೆದುಕೊಂಡು ನಿಂತಿದೆ!

"ಕಾಕಾ, ಕಿಡಕಿ ಸರಳ ಎಲ್ಲಿ ಹೋದೂರಿ?"

"ಮೂರು ಕಿತ್ತೇನಿ. ಇನ್ನೂ ಎರಡ ಅದಾವಲ್ಲ!"

"ಅಲ್ರಿ, ಬೆಕ್ಕ ಒಳಗ ಬರತೈತ್ರಿ!"

"ಬಂದ್ರ ಬರಲಿ. ಅದಕೂ ಹೊಟ್ಟಿ ಐತಿಲ್ಲ?"

ಬಂತು. ಅದೇ ದಿನ ಬಂತು, ಹಾಲಿನ ಕೆನೆ ತಿಂದು, ಬಾಯಿ ಒರೆಸಿಕೊಂಡು ಹೋಯಿತು, ಹೋದ ದಾರಿಯಲ್ಲೇ ಮರುದಿನವೂ ಬಂತು. ಸೊಸೆಯಾದವಳು ಹಿರಿಯರಿಗೆ ಎದುರಾಡುವಂತಿಲ್ಲ. ಆದ್ದರಿಂದ ನನ್ನ ಸಿಟ್ಟನ್ನೆಲ್ಲ ಬೆಕ್ಕಿಗೆ ಬೈದು ತೀರಿಸಿಕೊಂಡೆ. ಕಂಬಾರನ ಕೈಯಲ್ಲಿ ಜಾಳಿಗೆಯಾಗಿ ತಿರುಗಿ ಬಂದ ಸರಳುಗಳ ಮೇಲೆ ಅಂದಿನಿಂದ ಗೆಣಸು ಏರಿತು, ಉಳ್ಳಾಗಡ್ಡಿ ಏರಿತು, ಮೆಣಸಿನಕಾಯಿ, ಪೇರಲಹಣ್ಣು, ನಿನ್ನೆಯ ರೊಟ್ಟಿ, ಎಲ್ಲವೂ ಏರಿದವು. ಸೋಮವಾರದ ಪ್ರಸಾದಕ್ಕೆಂದು ಉಣ್ಣಲು ಬಂದ ಜಂಗಮ ಅಯ್ಯನವರ ಎಡೆಗೂ ಕಾಕಾ ಸುಟ್ಟ ಸೌತೆಕಾಯಿ ಬಡಿಸಿದರು. ಸೌತೆಕಾಯಿಯನ್ನು ಯಾರಾದರೂ ಸುಡುತ್ತಾರೆಯೇ? ಅಯ್ಯನವರು ಅದನ್ನೂ ಉಂಡು, ಹೊರಡುವಾಗ ನನ್ನನ್ನು ಕರೆದು, "ತಂಗಿ, ಮುಂದಿನ ಸೋಮವಾರ ನಾ ಬಾಜೂ ಮನಿಗಿ ಹೊಕ್ಕೇನಿ, ಮನಸಿಗಿ ಹಚ್ಚಿಕೋಬ್ಯಾಡ" ಎಂದರು. ನಾನೂ ಜೊತೆಗೆ ಬರುತ್ತೇನೆ ಎನ್ನುವ ಮಾತು ತುದಿನಾಲಿಗೆಗೆ ಬಂದಿತ್ತು!

ಸುದ್ದಿ ಮೂಡಲಗಿಗೆ, ಕಾಕೂನ ತವರಿಗೆ ಮುಟ್ಟಿತು. ಅವರ ತಮ್ಮ ಗೋಕಾಕಿನಲ್ಲಿ ಇಳಿದು ಒಂದು ಡಬ್ಬಿ ಕರದಂಟು ಕಟ್ಟಿಸಿಕೊಂಡು ಓಡಿ ಬಂದರು. ಅಕ್ಕನ ಕೈ ನೋಡಿ ಅವರ ಕಣ್ಣು ತುಂಬಿದವು. "ನಮ್ಮಕ್ಕನ್ನ ನಾ ಕರಕೊಂಡು ಹೊಕ್ಕೇನಿ. ಇಲ್ಲಿ ಬರೇ ಹೊಗಿ ತಿನಸಾಕತ್ತೀರಿ!" ಎಂದು ಕೂಗಾಡಿದರು. ಕಾಕಾ ಡಬ್ಬಿ ಎತ್ತಿಕೊಂಡು ನೇರ ಹಿತ್ತಲಿಗೆ ನಡೆದರು.

ಕರದಂಟನ್ನು ಸುಟ್ಟರು ನೋಡ್ರಿ! ಬೆಲ್ಲ ಕರಗಿ ಕೆಂಡಕ್ಕೆ ಸುರಿಯಿತು, ಕೊಬ್ಬರಿಗೆ ಬೆಂಕಿ ಹತ್ತಿತು, ಉಳಿದದ್ದು ಸರಳಿಗೆ ಅಂಟಿತು. ತಮ್ಮನವರು ತಲೆಯ ಮೇಲೆ ಕೈ ಹೊತ್ತು ಕೂತರು. ಕಾಕಾ ಮಾತ್ರ ಸರಳು ಕೆರೆದು, ಕಪ್ಪು ಚೂರೊಂದನ್ನು ಊದಿ ಊದಿ ಆರಿಸಿ ಕಾಕೂನ ಅಂಗೈಗೆ ಹಾಕಿ, ಉಸಿರು ಬಿಗಿಹಿಡಿದು ನಿಂತರು.

"ಹೆಂಗೈತಿ? ಏನರೆ ಹತ್ತತೈತೇನ?"

ಕಾಕೂ ಬಹಳ ಹೊತ್ತು ಅಗಿದರು. "ಒಂಚೂರು... ಸಿಹಿ ಹತ್ತಿದಂಗ ಆತ್ರಿ" ಎಂದು ಇನ್ನೊಂದು ಚೂರಿಗೆ ಕೈ ಚಾಚಿದರು. ತಾವಾಗಿ ಕೇಳಿ ತಿಂದದ್ದು ಮೂರು ತಿಂಗಳಲ್ಲಿ ಅದೇ ಮೊದಲು. ತಮ್ಮನವರು ಒಬ್ಬರೇ ಊರಿಗೆ ಹೋದರು. ಮುಂದಿನ ಸಲ ಬರುವಾಗ ಕರದಂಟು ತರಲಿಲ್ಲ, ಒಂದು ಚೀಲ ಇದ್ದಿಲು ತಂದರು!

ಚಳಿಗಾಲದಲ್ಲಿ ಸೀತನಿ ತಿನ್ನಲು ಹೊಲಕ್ಕೆ ಹೋದಾಗಲೂ ಜಾಳಿಗೆ ಬಂಡಿ ಏರಿತು. ಎಳೆಜೋಳದ ತೆನೆಯನ್ನು ಎಲ್ಲರೂ ಸೆಗಣಿ ಕುಳ್ಳಿನ ಬೆಂಕಿಯ ಕುಣಿಯಲ್ಲಿ ಸುಟ್ಟು, ತಿಕ್ಕಿ, ಹಸಿರು ಕಾಳು ತಿನ್ನುತ್ತಾರೆ. ಕಾಕಾಗೆ ಮಾತ್ರ ಜಾಳಿಗೆಯೇ ಆಗಬೇಕು. ತೆನೆ ಬಿಸಿಯಾಗಿ ಅರಳಿತು, ಕಾಳೆಲ್ಲ ಸರಳಿನ ಸಂದಿಯಿಂದ ಪಟಪಟ ಬೆಂಕಿಗೆ ಬಿದ್ದವು. ಕೊನೆಗೆ ನಾವು ನಾಚಿಕೆ ಬಿಟ್ಟು ಬಾಜೂ ಹೊಲದವರ ಸೀತನಿಗೆ ಕೈಯೊಡ್ಡಿದೆವು. ಆ ಹೊತ್ತಿಗೆ ನನ್ನ ತಾಳ್ಮೆ ಮುಗಿದಿತ್ತು. ನಮ್ಮವರ ಬೆನ್ನು ಹತ್ತಿದೆ: ಆ ಜಾಳಿಗೆ ಬಿಚ್ಚಿಸಿ ನನ್ನ ಸರಳು ನನ್ನ ಕಿಟಕಿಗೆ ಬರಬೇಕು. ದಿನಾ ಹೇಳಿ ಹೇಳಿ, ಮಳೆಗಾಲ ಮತ್ತೆ ಹಿಡಿಯುವ ಹೊತ್ತಿಗೆ, ನಾಳೆ ಕಂಬಾರನನ್ನು ಕರೆಸುತ್ತೇನೆ ಎಂದು ಅವರಿಂದ ಹೇಳಿಸಿಯೇ ಬಿಟ್ಟೆ.

ಅಂದು ಮಧ್ಯಾಹ್ನ ಕಾಕೂಗೆ ಬಡಿಸುತ್ತಿದ್ದೆ. ಅವರು ಸಾರು ಬಾಯಿಗಿಟ್ಟವರು ಏನೋ ಯೋಚನೆಯಲ್ಲಿ, "ಉಪ್ಪ ಒಂಚೂರು ಕಡಿಮಿ ಆಗೇತಿ ತಂಗಿ" ಎಂದರು.

ನನ್ನ ಕೈಯ ಸೌಟು ಅಲ್ಲೇ ನಿಂತಿತು.

"ಕಾಕೂ! ನಿಮಗ ರುಚಿ ಗೊತ್ತಾಗಾಕತ್ತೇತೇನ್ರಿ?"

ಕಾಕೂ ಗಾಬರಿಯಿಂದ ಸರಳು ಕಿತ್ತ ಕಿಟಕಿಯ ಕಡೆ ನೋಡಿದರು. ಹಿತ್ತಲಲ್ಲಿ ಕಾಕಾ ಕುಕ್ಕರುಗಾಲಲ್ಲಿ ಕೂತು ಕೆಂಡಕ್ಕೆ ಗಾಳಿ ಹಾಕುತ್ತಿದ್ದರು.

"ಸಣ್ಣಗ ಮಾತಾಡ. ಬಾಜೂ ಹೊಲದಾಗ ಸೀತನಿ ತಿಂದ್ನೆಲ್ಲ, ಅವತ್ತಽ ಬಂತು."

"ಆರು ತಿಂಗಳಾತಲ್ರಿ! ಮತ್ತ ಇಷ್ಟ ದಿನ ಆ ಕರಕಲ ಯಾಕ ತಿನ್ನಾಕತ್ತೀರಿ?"

"ಹೇಳಿದ್ರ ಜಾಳಿಗಿ ತಗದ ಇಡತಾರ. ಆಮ್ಯಾಲ ಮತ್ತ ಕಟ್ಟಿ ಮ್ಯಾಲ ಕುಂತು ಅಂಗೈ ನೋಡಕೋತ ಇರತಾರ. ಅದನ್ನ ನನಗ ನೋಡಾಕ ಆಗೂದಿಲ್ಲವ್ವ." ಕಾಕೂ ಬಳೆ ಹಿಂದಕ್ಕೆ ಸರಿಸಿಕೊಳ್ಳಲು ಹೋದರು. ಬಳೆ ಸರಿಯಲಿಲ್ಲ, ಕೈ ತುಂಬಿಕೊಂಡಿತ್ತು. "ಅವರು ಹಂಗ ಸುಟ್ಟು ಸುಟ್ಟು ಕೊಟ್ಟಽ ನಾ ಉಳಕೊಂಡೇನಿ. ಈಗ ಅವರನ್ನ ನಾ ಉಳಿಸಿಕೋಬ್ಯಾಡೇನು?"

ಅಷ್ಟರಲ್ಲಿ ಕಾಕಾ ಸುಟ್ಟ ಹಾಗಲಕಾಯಿಯೊಂದನ್ನು ಇಕ್ಕಳದಲ್ಲಿ ಹಿಡಿದು ಒಳಗೆ ಬಂದರು. ಕಾಕೂನ ಗಂಗಾಳಕ್ಕೆ ಹಾಕಿ, ಎಂದಿನಂತೆ ಉಸಿರು ಬಿಗಿಹಿಡಿದು ನಿಂತರು.

"ಏನರೆ ಹತ್ತತೈತೇನ?"

ಕಾಕೂ ಅಗಿದರು. ಆ ಕಹಿಗೆ ಅವರ ಮುಖ ಒಂದಿಷ್ಟೂ ಅಲುಗಲಿಲ್ಲ. "ಒಂಚೂರು ಹತ್ತಿದಂಗ ಆತ್ರಿ" ಎಂದರು. ಕಾಕಾನ ಮುಖ ಅರಳಿದ್ದನ್ನು ನಾನು ಅಂದೇ ಮೊದಲ ಸಲ ಸರಿಯಾಗಿ ನೋಡಿದ್ದು. ಇಷ್ಟು ದಿನ ನಾನು ನೋಡಿದ್ದೆಲ್ಲ ಕಿಟಕಿಯನ್ನೇ.

ಮರುದಿನ ಬೆಳಿಗ್ಗೆ ಕಂಬಾರ ಸುತ್ತಿಗೆ ಹಿಡಿದು ಬಂದ. "ಯಾವ ಕಿಡಕೀರಿ ಅವ್ವಾರ?" ಎಂದ.

"ಯಾವುದೂ ಇಲ್ಲಪಾ, ಹೋಗ" ಎಂದೆ. ಅವನು ನನ್ನ ಮುಖ ನೋಡುತ್ತಾ ಹೋದ. ನಾನು ಒಳಗೆ ಬಂದು, ಒಂದು ಬಟ್ಟಲಲ್ಲಿ ಹಾಲು ಹಾಕಿ, ಬೆಕ್ಕು ಬರುವ ಹೊತ್ತಾಯಿತೆಂದು ಕಿಟಕಿಯ ಕೆಳಗೆ ಇಟ್ಟೆ.