ಕಾಕಾನ ಅಮೆರಿಕಾದ ಸಾಹೇಬ್ರು

ಒಂದು ಕಡೆ ಕಾಲೂರಿ ನಿಲ್ಲದವನಿಗೆ ಇಂಥ ಪ್ರಸಂಗಗಳು ತಾವಾಗಿಯೇ ಬಂದು ಗಂಟು ಬೀಳುತ್ತವೆ. ಏಳನೇ ಇಯತ್ತೆಗೇ ಸಾಲಿಗೆ ಶರಣು ಹೊಡೆದವನು ನಾನು. ಗೋವಾದ ಹೋಟೆಲು, ಸೊಲ್ಲಾಪುರದ ಚಾದರ ಕಾರಖಾನೆ, ಲಾರಿಯ ಕ್ಲೀನರ್ ಕೆಲಸ, ಎಲ್ಲಾ ಮುಗಿಸಿ ಪುಣೆಗೆ ಬಂದು ಬಿದ್ದೆ. ಇಲ್ಲೂ ಯಾವ ಕೆಲಸಕ್ಕೂ ಅಂಟಿಕೊಳ್ಳಲಿಲ್ಲ. ಆದರೆ ಒಬ್ಬ ಮನುಷ್ಯ ಮಾತ್ರ ಹೋದಲ್ಲಿ ಬಂದಲ್ಲಿ ನನಗೆ ಅಂಟಿಕೊಂಡ. ಅವನು ಇದ್ದದ್ದು ಅಮೆರಿಕಾದಲ್ಲಿ. ಕಪ್ಪು-ಬಿಳುಪಿನ ಕಾಲದ ಸಿನೆಮಾ ನಟ. ಅವನನ್ನು ನನ್ನ ಹೆಗಲ ಮೇಲೆ ಹೇರಿದವರು ಕಾಕಾ.

ಬಸ್ಸಿನಲ್ಲಿ ಜಾಗ ಆದದ್ದು

ತೊಂಬತ್ತರ ದಶಕದ ಮೊದಲಲ್ಲಿ ನಾನು ಕಾತ್ರಜದಲ್ಲಿ ಖಾಸಗಿ ಬಸ್ಸಿನವರ ಪರವಾಗಿ "ಬೆಳಗಾವಿ, ಧಾರವಾಡ, ಹುಬ್ಬಳ್ಳೀ" ಎಂದು ಕೂಗಿ ಮಂದಿಯನ್ನು ಹತ್ತಿಸುತ್ತಿದ್ದೆ. ಒಂದು ದಿನ ಧೋತರ, ಕರೀ ಟೊಪ್ಪಿಗೆಯ ಹಿರಿಯರೊಬ್ಬರು ರಿಕ್ಷಾದಿಂದ ಇಳಿದು, ಕಬ್ಬಿಣದ ಉದ್ದ ಪೆಟ್ಟಿಗೆ ತೋರಿಸಿ, "ಏ ತಮ್ಮಾ, ಕನ್ನಡದಾಂವ ಇದ್ದೀ ಅಲಾ, ಸ್ವಲ್ಪ ಕೈ ಹಚ್ಚು" ಅಂದರು. ಇಬ್ಬರು ಸೇರಿ ಎತ್ತಿದರೂ ನನ್ನ ಸೊಂಟ ಹಿಡಿಯಿತು.

ಕಂಡಕ್ಟರ ಬಂದು ಕೇಳಿದ: "ಏನದ ರೀ ಇದರಾಗ?"

"ಅಮೆರಿಕಾದ ಸಾಹೇಬ್ರು ಅದಾರ. ಸಾವಕಾಶ ಇಡ್ರಿ. ಬಿಸಿಲು ತಾಗಿಸಬ್ಯಾಡ್ರಿ, ಕೆಡತಾರ."

ಹಿಂದಿನ ಸೀಟಿನ ಹೆಣ್ಣುಮಗಳು ಸೆರಗು ಮೂಗಿಗೆ ಹಿಡಿದು ಇಳಿದಳು. ಅವಳ ಹಿಂದೆ ಒಂದು ಇಡೀ ಕುಟುಂಬ ಇಳಿಯಿತು. ಡ್ರೈವರ ಕೆಳಗೆ ನಿಂತು ಕೈಮುಗಿದ. ನಾನು ಪೆಟ್ಟಿಗೆಯ ಬಾಯಿ ತೆಗೆಸಿ, ಒಳಗಿರುವುದು ಸಿನೆಮಾ ರೀಲು, ಮಗ್ಗುಲಲ್ಲಿರುವುದು ಅದನ್ನು ತೋರಿಸುವ ಯಂತ್ರ ಎಂದು ಎಲ್ಲರಿಗೂ ತಿಳಿಸಿ ಹೇಳುವಷ್ಟರಲ್ಲಿ ಅರ್ಧ ಬಸ್ಸು ಖಾಲಿ. ಆ ಹಿರಿಯರು, ಅಂದರೆ ನಮ್ಮ ಕಾಕಾ, ಮೂರು ಸೀಟು ಹಿಡಿದು ಕಾಲು ಚಾಚಿ ಕೂತರು.

"ನೋಡಪಾ ತಮ್ಮಾ, ಸಾಹೇಬ್ರ ಹೆಸರು ಹೇಳಿದ್ರ ಸಾಕು, ಮಂದಿ ಎದ್ದು ಜಾಗಾ ಕೊಡತಾರ."

ಹೆಂಡಂದಿರ ಗತಿ

ಕಾಕಾ ಹಡಪಸರದ ಕಾರಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿ ನಿವೃತ್ತರಾದವರು, ಮೂಲ ಧಾರವಾಡದ ಕಡೆಯವರು. ಆಗ ಪೇಟೆಯ ಒಂದು ಹಳೇ ವಾಡೆಯಲ್ಲಿ ಬಾಡಿಗೆಗೆ ಇದ್ದರು. ಸಾಹೇಬರ ಚರಿತ್ರೆ ಅವರಿಗೆ ಬಾಯಿಪಾಠ. ಸಾಹೇಬರು ಹೊಲದ ಮನೆಯಲ್ಲಿ ಹುಟ್ಟಿದ್ದು, ಮೀಸೆ ಮೂಡುವ ಮೊದಲೇ ಮನೆಬಿಟ್ಟು ಓಡಿದ್ದು, ನಾಟಕ ಕಂಪನಿಯಲ್ಲಿ ಕುದುರೆ ತೊಳೆದದ್ದು, ಬೇರೆ ನಟರ ಬದಲಿಗೆ ಕುದುರೆಯಿಂದ ಬಿದ್ದೂ ಬಿದ್ದೂ ಕೊನೆಗೆ ತಾವೇ ನಾಯಕರಾದದ್ದು. ಹಳೇ ಬಜಾರದಲ್ಲಿ ಯಂತ್ರ ಕೊಂಡು, ಎಲ್ಲಿಂದಲೋ ಸಾಹೇಬರ ರೀಲು ಹುಡುಕಿ ತಂದು, ಮೊದಲು ಭಾಷಣ, ಆಮೇಲೆ ಸಿನೆಮಾ ಎಂದು ಕರೆದವರ ಮನೆಗೆ, ಕರೆಯದವರ ಮನೆಗೂ ಹೋಗುತ್ತಿದ್ದರು. ಯಾರೂ ಕೊನೆಯತನಕ ಕೂಡುತ್ತಿರಲಿಲ್ಲ. ಕಾಕಾನಿಗೆ ಅದೊಂದೇ ಕೊರಗು.

ಅವರ ಹೆಂಡತಿ ಕಾಕೂಗೆ ಬೇರೆ ಕೊರಗು. ಆ ಯಂತ್ರ ಅವರ ಅರ್ಧ ಅಡುಗೆಮನೆ ತಿಂದಿತ್ತು. "ಒಂದ ಒಂದು ಸಲ ಮಂದಿ ಕಡೀತನಕ ಕೂತು ನೋಡ್ಲಿ, ನಾ ಬಾಯಿ ಮುಚ್ಚಿಕೋತೀನಿ. ಇಲ್ಲಂದ್ರ ಒಂದಿನ ಭಂಗಾರದಾಂವನ್ನ ಕರದು ತೂಕಕ್ಕ ಹಾಕತೀನಿ, ನಿಮ್ಮ ಸಾಹೇಬ್ರನ್ನ" ಎಂದು ನನ್ನೆದುರೇ ಹೇಳಿದ್ದರು. ಭಂಗಾರದವನ, ಅಂದರೆ ಗುಜರಿಯವನ, ಕೂಗು ಓಣಿಯಲ್ಲಿ ಕೇಳಿದಾಗಲೆಲ್ಲ ಕಾಕಾ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು.

ಒಮ್ಮೆ ನಮ್ಮ ಕನ್ನಡದ ಮಹಿಳಾ ಮಂಡಳದವರು ಕರೆದರು. ಅರಿಶಿನ-ಕುಂಕುಮದ ಕಾರ್ಯಕ್ರಮ, ಹಿರಿಯ ಮುತ್ತೈದೆಯರೆಲ್ಲ ಮುಂದಿನ ಸಾಲಲ್ಲಿ. ಭಾಷಣ ಸಾಹೇಬರ ಸಂಸಾರದವರೆಗೆ ಬಂತು. ಸಾಹೇಬರು ನಾಲ್ಕು ಸಲ ಲಗ್ನವಾದವರು, ಮೂರು ಸಲ ಸೋಡಚಿಟ್ಟಿ ಕೊಟ್ಟು ಹೆಂಡತಿಯನ್ನು ಬಿಟ್ಟವರು. ಅದನ್ನು ಇಂಥ ದಿನ ಹೇಗೆ ಹೇಳುವುದು? ಕಾಕಾ ಟೊಪ್ಪಿಗೆ ಸರಿಮಾಡಿಕೊಂಡು, "ಮೊದಲನೇ ಹೆಂಡತಿ ಪಾಪ, ತೀರಿಕೊಂಡ್ಲು" ಅಂದರು. ಸಭೆ ಚುಚ್ ಅಂದಿತು. "ಎರಡನೇದಾಕೀನೂ ಪಾಪ, ಉಳೀಲಿಲ್ಲ." ಮತ್ತೆ ಚುಚ್. "ಮೂರನೇದಾಕೀದೂ ಆಯುಷ್ಯ ಅಷ್ಟ ಇತ್ತು ನೋಡ್ರಿ."

ಮುಂದಿನ ಸಾಲಿನ ಅಜ್ಜಿಯೊಬ್ಬರು ಎದ್ದೇ ನಿಂತರು. "ಅಲ್ರೀ, ಒಬ್ಬಾಕಿ ಸತ್ರ ದೈವ. ಇಬ್ಬರು ಸತ್ರ ಗ್ರಹಚಾರ. ಮೂವತ್ತು ಸಿನೆಮಾದಾಗ ಬಂದೂಕು ಹಿಡಕೊಂಡು ನಿಂತಾನಂತೀರಿ, ಮೂರೂ ಹೆಂಡ್ರು ಸತ್ತಾರಂತೀರಿ. ಪೊಲೀಸ್ರು ಏನ್ ಮಾಡಾಕತ್ತಿದ್ರು?"

ಇಂಥವನ ಮುಖ ನೋಡಬಾರದೆಂದು ಎಲ್ಲರೂ ಸಿನೆಮಾ ಸುರುವಾಗುವ ಮೊದಲೇ ಉಡಿ ತುಂಬಿಸಿಕೊಂಡು ಹೋದರು.

ಪರದೆಯ ಆಚೆ, ಪರದೆಯ ಈಚೆ

ಪುಣೆಯ ಗಣಪತಿ ಹಬ್ಬದಲ್ಲಿ ಓಣಿಯ ನಡುವೆ ಬಿಳೀ ಪರದೆ ಕಟ್ಟಿ ಸಿನೆಮಾ ತೋರಿಸುವ ರೂಢಿ ಇತ್ತು. ತಂತಮ್ಮ ಮನೆ ಮುಂದೆ ಸತರಂಜಿ ಹಾಸಿ ಪರದೆಯ ಎರಡೂ ಕಡೆ ಮಂದಿ ಕೂಡುತ್ತಿದ್ದರು. ಯಂತ್ರದ ಕಡೆಯವರಿಗೆ ಚಿತ್ರ ನೆಟ್ಟಗೆ, ಆಚೆಯವರಿಗೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಹಿಂದೀ ಸಿನೆಮಾಕ್ಕೆ ಯಾರೂ ಇದನ್ನು ಲೆಕ್ಕಕ್ಕಿಡುತ್ತಿರಲಿಲ್ಲ. ಆದರೆ ಆ ವರ್ಷ ಗಣಪತಿ ಮಂಡಳದ ಅಧ್ಯಕ್ಷನನ್ನು ಕಾಕಾ ಕಾಡಿ ಬೇಡಿ, ಎರಡು ದಿನ ಸಾಹೇಬರ ಸಿನೆಮಾ ಎಂದು ಒಪ್ಪಿಸಿದರು.

ಮೊದಲನೇ ದಿನ ಸಾಹೇಬರು ಒಂದು ಖಾನಾವಳಿಯಲ್ಲಿ ಕೂತು ಊಟಕ್ಕೆ ಕೈ ಹಾಕಿದ್ದೇ ತಡ, ಆಚೆ ಬದಿಯಿಂದ ಹೆಂಗಸರ ದನಿ: "ಅಯ್ಯ, ಎಡಗೈಲೆ ತಿನ್ನಾಕತ್ತಾನಲ್ಲ!" ಈಚೆಯವರು, "ಕಣ್ಣಿಗೆ ಏನಾಗೇದ? ಬಲಗೈ ಅದು" ಅಂದರು. ಕೆಲವರು ಮರಾಠಿಯಲ್ಲಿ, ಕೆಲವರು ಕನ್ನಡದಲ್ಲಿ, ಅಧ್ಯಕ್ಷ ಹಿಂದಿಯಲ್ಲಿ. ಬೈಗುಳಕ್ಕೆ ಮಾತ್ರ ಭಾಷೆಯ ಅಡಚಣೆ ಆಗಲಿಲ್ಲ. ಜಗಳ ಜೋರಾಗಿ ಅರ್ಧಕ್ಕೆ ಯಂತ್ರ ನಿಲ್ಲಿಸಬೇಕಾಯಿತು.

ಮರುದಿನ ಕರೆಂಟು ಕೊಡುತ್ತಿದ್ದ ಮನೆಯವರು ಸಿಟ್ಟಿಗೆದ್ದು ವಾಯರು ಕಿತ್ತರು. ನಾವು ಓಣಿಯ ಆಚೆ ತುದಿಯವರ ಮನೆಯಿಂದ ಕರೆಂಟು ಎಳೆದು, ಯಂತ್ರವನ್ನೂ ಅಲ್ಲಿಗೇ ಒಯ್ದು ಅದೇ ಸಿನೆಮಾ ಸುರು ಮಾಡಿದೆವು. ಮಂದಿ ನಿನ್ನೆ ಕೂತಲ್ಲೇ ಕೂತಿದ್ದರು. ಈಗ ನೆಟ್ಟಗೆ ಕಂಡದ್ದು ಆಚೆಯವರಿಗೆ, ಎಡಗೈ ಕಂಡದ್ದು ಈಚೆಯವರಿಗೆ. ಎರಡೂ ಕಡೆಯವರು ಬಾಯಿ ತೆರೆದು ಪರದೆಯನ್ನೇ ನೋಡುತ್ತ ಕೂತರು. ಕಾಕಾ ನನ್ನ ಕೈ ಹಿಡಿದು, "ಕೂತಾರ ತಮ್ಮಾ, ಕೂತಾರ!" ಎಂದು ಪಿಸುಗುಟ್ಟಿದರು.

ಆಗ ಅಧ್ಯಕ್ಷ ಎದ್ದು ಧ್ವನಿವರ್ಧಕದಲ್ಲಿ ಘೋಷಣೆ ಮಾಡಿದ: "ಜಗಳ ಮುಗೀತು. ಇದು ಡಬಲ್ ರೋಲ್ ಪಿಕ್ಚರ್. ನಿನ್ನೆ ಬಂದಾಂವ ಅಣ್ಣ, ಇವತ್ತಿನಾಂವ ತಮ್ಮ."

ಎಲ್ಲರಿಗೂ ಕಥೆ ತಿಳಿದುಹೋಯಿತು. ತಿಳಿದ ಮೇಲೆ ಕೂಡುವವರು ಯಾರು? ಸತರಂಜಿ ಝಾಡಿಸಿ ಮನೆಗೆ ಹೋದರು.

ಖರಾಡಿಯ ಉಪದೇಶ

ಆಮೇಲೆ ನಾನು ಊರೂರು ತಿರುಗಿ ಬಂದೆ. ಅಷ್ಟರಲ್ಲಿ ವಾಡೆ ಕೆಡವಿದ್ದರು. ಕಾಕಾ-ಕಾಕೂ ಹಡಪಸರದ ಒಂದು ಹೊಸ ಅಪಾರ್ಟ್‌ಮೆಂಟಿಗೆ ಹೋಗಿದ್ದರು. ನಾನು ಖರಾಡಿಯ ಐಟಿ ಕಂಪನಿಯೊಂದಕ್ಕೆ ಕ್ಯಾಬ್ ಓಡಿಸುತ್ತಿದ್ದೆ. ಅಲ್ಲಿಯ ಎಚ್ಆರ್ ಬಾಯಿ ಒಂದು ದಿನ, "ನಮ್ಮ ಹುಡುಗರಿಗೆ ಹುರುಪು ತುಂಬುವಂಥ ಭಾಷಣ ಮಾಡುವವರು ಯಾರಾದರೂ ಗೊತ್ತಾ?" ಎಂದು ಕೇಳಿದಳು. ನನಗೆ ಗೊತ್ತಿದ್ದವರು ಒಬ್ಬರೇ.

ಕಾಕಾ ಅವತ್ತು ಬಹಳ ಚಂದ ಮಾತಾಡಿದರು. ಸ್ಟುಡಿಯೋದ ಮಾಲೀಕ ಸಾಹೇಬರಿಗೆ ಒಂದೇ ನಮೂನೆಯ ಪಾತ್ರ ಕೊಡುತ್ತಿದ್ದನಂತೆ. ವರ್ಷಗಟ್ಟಲೆ ಅದೇ ಕುದುರೆ, ಅದೇ ಟೊಪ್ಪಿಗೆ. ಒಂದು ದಿನ ಸಾಹೇಬರು ಆ ಟೊಪ್ಪಿಗೆಯನ್ನು ಮಾಲೀಕನ ಟೇಬಲ್ಲಿನ ಮೇಲಿಟ್ಟು, "ಇದನ್ನ ನೀನ ಹಾಕೋ" ಎಂದು ಹೇಳಿ ಹೊರಬಿದ್ದರಂತೆ. ಆಮೇಲೆಯೇ ಅವರ ಒಳ್ಳೊಳ್ಳೆಯ ಸಿನೆಮಾ ಬಂದವಂತೆ. ಹುಡುಗರು ಚಪ್ಪಾಳೆ ಹೊಡೆದರು. ನಾನು ಸಿನೆಮಾ ಹಚ್ಚಬೇಕೆನ್ನುವಷ್ಟರಲ್ಲಿ ಒಬ್ಬ ಎದ್ದು ಹೋದ. ಹಿಂದೆಯೇ ಇನ್ನೊಬ್ಬ. ಹಾಗೇ ಇಡೀ ಒಂದು ಸಾಲು.

ಕಾಕಾನ ಮುಖ ಬಾಡಿತು. ಮರುದಿನ ಎಚ್ಆರ್ ಬಾಯಿ ನನ್ನನ್ನು ಹಿಡಿದು ಬೈದದ್ದೇ ಬೈದದ್ದು. ನಾನು ಓಡಿಹೋಗಿ ಕಾಕಾನಿಗೆ ಸಮಾಧಾನ ಹೇಳಿದೆ: "ಕಾಕಾ, ಮನಸಿಗೆ ಹಚ್ಚಿಕೋಬ್ಯಾಡ್ರಿ. ಆ ಹುಡುಗ್ರು ನಿಮ್ಮ ಕಾರ್ಯಕ್ರಮ ಬಿಟ್ಟು ಹೋಗಿಲ್ಲ, ನೌಕರಿ ಬಿಟ್ಟು ಹೋಗ್ಯಾರ."

ಕಾಕೂಗೆ ಇದು ಸಮಾಧಾನ ಅನ್ನಿಸಲಿಲ್ಲ. "ಮುಗೀತು. ಇನ್ನೊಂದ ಸಲ ನೋಡತೀನಿ. ಮಂದಿ ಎದ್ದು ಹೋದ್ರಂದ್ರ ಅವತ್ತ ಭಂಗಾರದಾಂವನ್ನ ಕರೀತೀನಿ."

ತಣ್ಣೀರ ಸ್ನಾನ

ಕೆಲವು ತಿಂಗಳಾದ ಮೇಲೆ, ಒಂದು ಮುಂಜಾನೆ ಪೇಪರಿನ ಮೂಲೆಯಲ್ಲಿ ನಾಲ್ಕೇ ಸಾಲು: ಸಾಹೇಬರು ಮುಪ್ಪಾಗಿ ತೀರಿಕೊಂಡಿದ್ದರು. ಕಾಕೂ ಕಾಯಿಪಲ್ಯೆ ತರಲು ಹೋಗಿದ್ದರು. ಕಾಕಾ ಪೇಪರು ಮಡಚಿಟ್ಟು ನೆಟ್ಟಗೆ ಬಚ್ಚಲಿಗೆ ಹೋಗಿ, ತಲೆಯ ಮೇಲೆ ತಣ್ಣೀರು ಸುರುವಿಕೊಂಡು, ಒದ್ದೆ ಧೋತರದಲ್ಲೇ ಗ್ಯಾಲರಿಯಲ್ಲಿ ಬಂದು ನಿಂತರು. ಎದುರಿನ ಫ್ಲ್ಯಾಟಿನ ಮರಾಠೀ ಆಜಿ ನೋಡಿಬಿಟ್ಟರು.

"ಕಾಯ ಝಾಲಂ ಹೋ?" ಏನಾಯಿತು ಎಂದು ಕೇಳಿದರು.

ಕಾಕಾ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. "ಅಮೇರಿಕೇತಲೇ... ಗೇಲೇ" ಎಂದಷ್ಟೇ ಅಂದರು.

ಅಮೆರಿಕಾದವರು ಹೋದರು, ಇವರು ತಲೆಗೆ ನೀರು ಹಾಕಿಕೊಂಡರು. ಯಾರಿಗಾಗಿ ಹೀಗೆ ಸ್ನಾನ ಮಾಡುತ್ತಾರೆ? ಒಡಹುಟ್ಟಿದವರಿಗೆ. ಆಜಿ ಅಣ್ಣನೇ ಎಂದು ತೀರ್ಮಾನಿಸಿ ನಾಲ್ಕೂ ಮಾಳಿಗೆಗೆ ಸುದ್ದಿ ಮುಟ್ಟಿಸಿದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ನಾನು ಹೋಗುವಷ್ಟರಲ್ಲಿ ಒಂದು ಮನೆಯಿಂದ ಪಿಠಲ-ಭಾಕರಿ, ಇನ್ನೊಂದರಿಂದ ಅನ್ನ-ಆಮಟಿ ಬಂದಿಳಿದಿದ್ದವು.

ಕಾಕೂ ಚೀಲ ಹಿಡಿದು ಒಳಗೆ ಬಂದರೆ ಮನೆ ತುಂಬಾ ಹೆಂಗಸರು. ಆಜಿ ಬಂದು ತಬ್ಬಿಕೊಂಡು ಅತ್ತರು. ಯಾರು ಹೋದರೆಂದು ಗೊತ್ತಿಲ್ಲದಿದ್ದರೂ ಅಷ್ಟು ಮಂದಿ ಅಳುವಾಗ ಸುಮ್ಮನೆ ನಿಲ್ಲುವುದು ಹೇಗೆ? ಕಾಕೂನೂ ಅತ್ತರು. ಅತ್ತು ಮುಗಿಸಿ, ಅಡುಗೆಮನೆಗೆ ಬಂದು, ನನ್ನ ತೋಳು ಹಿಡಿದು ಕೇಳಿದರು: "ತಮ್ಮಾ, ಲಗೂನ ಹೇಳು, ಯಾರು ಸತ್ತಾರ?"

"ಸಾಹೇಬ್ರು, ಕಾಕೂ."

"ಯಾವ ಸಾಹೇಬ್ರು?"

ನಾನು ಯಂತ್ರದ ಕಡೆ ಬೊಟ್ಟು ಮಾಡಿದೆ. ಕಾಕೂ ಅಲ್ಲೇ ಕುಸಿದು ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡರು. ಸಿಟ್ಟಿಗೆ ಮೈಯೆಲ್ಲ ಗಡಗಡ ನಡುಗುತ್ತಿತ್ತು. ಬಾಗಿಲಲ್ಲಿ ಇಣುಕಿದ ಆಜಿ ಹೊರಗೆ ಹೋಗಿ ಎಲ್ಲರಿಗೂ ಹೇಳಿದರು: ಭಾವನ ಮೇಲೆ ಇಷ್ಟು ಜೀವ ಇಟ್ಟುಕೊಂಡವಳನ್ನು ನಾನು ನೋಡಿಯೇ ಇಲ್ಲ.

ಕೊನೆಯ ರೀಲು

ಅವತ್ತೇ ನಿಜ ಹೇಳಿಬಿಡಬೇಕಿತ್ತು. ಆದರೆ ಸಂಜೆಯ ಹೊತ್ತಿಗೆ ಮೇಲಿನ ಮಾಳಿಗೆಯವರು ನಮ್ಮ ದುಃಖ ನೋಡಿ ಮೊಮ್ಮಗನ ಬರ್ತ್‌ಡೇ ಮುಂದೂಡಿದ್ದರು. ಆಜಿ ಟಿವಿ ಬಂದ್ ಮಾಡಿದ್ದರು. ಪಿಠಲ ನಮ್ಮ ಹೊಟ್ಟೆಯಲ್ಲಿತ್ತು. "ಈಗ ಹೇಳಿದ್ರ ಈ ಕಟ್ಟಡದಾಗ ನಮಗ ನೀರು ಹುಟ್ಟೂದಿಲ್ಲ" ಅಂದರು ಕಾಕೂ.

ಒಂದು ವಾರ ಊಟ ಬರುತ್ತಲೇ ಇತ್ತು. ಅಷ್ಟು ತಿಂದ ಮೇಲೆ ಹದಿಮೂರನೇ ದಿನ ಎಲ್ಲರನ್ನೂ ಕರೆದು ಸಿಹಿ ಹಾಕದೆ ಬೇರೆ ದಾರಿ ಇರಲಿಲ್ಲ. ಕಾಕಾ ಮೆಲ್ಲಗೆ, "ಹೆಂಗೂ ಮಂದಿ ಬರತಾರ. ಊಟಕ್ಕ ಮೊದಲ ಸಾಹೇಬ್ರದೊಂದು ಸಿನೆಮಾ..." ಅಂದರು.

ಕಾಕೂ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. "ಹಚ್ಚರಿ. ಇದ ಕಡೀದು. ಒಬ್ಬರು ನಡುವ ಎದ್ರೂ ನಾಳೆ ಮುಂಜಾನೆ ಭಂಗಾರದಾಂವ ಬರತಾನ. ನಾ ಅವಗ ಹೇಳಿಟ್ಟೀನಿ."

ಅವತ್ತು ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ಗೋಡೆಗೆ ಬಿಳೀ ಬಟ್ಟೆ ಕಟ್ಟಿ ಖುರ್ಚಿ ಹಾಕಿದೆವು. ಎಲ್ಲರೂ ಬಿಳೀ ಬಟ್ಟೆ ತೊಟ್ಟು ಬಂದರು. ಕಾಕಾ ಎದ್ದು ನಿಂತು, "ಅವರ ಬಗ್ಗೆ ನಾ ಏನು ಹೇಳಲಿ? ನೀವ ನೋಡ್ರಿ" ಎಂದು ಕೂತರು. ಅವರ ಜನ್ಮದಲ್ಲೇ ಅಷ್ಟು ಸಣ್ಣ ಭಾಷಣ ಮಾಡಿರಲಿಲ್ಲ.

ನಾನು ಯಂತ್ರ ಸುರು ಮಾಡಿದೆ. ಗಡಿಬಿಡಿಯಲ್ಲಿ ನಾನು ಹಚ್ಚಿದ್ದು ಸಾಹೇಬರ ನಗೆ ಸಿನೆಮಾ! ಸಾಹೇಬರು ಕುದುರೆ ಹತ್ತಲು ಹೋಗಿ ಆಚೆ ಕಡೆ ಬಿದ್ದರು. ಎದ್ದು ನೀರಿನ ತೊಟ್ಟಿಯಲ್ಲಿ ಬಿದ್ದರು. ಒಬ್ಬ ಹೆಂಗಸು ಹಪ್ಪಳದ ಲಟ್ಟಣಿಗೆಯಂಥದರಿಂದ ಅವರ ತಲೆಗೆ ಹೊಡೆದಳು. ಹುಡುಗರು ಗಲ್ಲ ಉಬ್ಬಿಸಿ ನಗೆ ತಡೆದರು, ತಾಯಂದಿರು ತೊಡೆ ಚಿವುಟಿದರು. ಯಾರೂ ಏಳಲಿಲ್ಲ. ಹದಿಮೂರನೇ ದಿನದ ಸಭೆಯಿಂದ ನಡುವೆ ಎದ್ದು ಹೋಗುವವರು ಯಾರು? ಆಜಿ ಕಣ್ಣೊರೆಸಿಕೊಂಡು ಕಾಕೂನ ಕಿವಿಯಲ್ಲಿ ಅಂದರು: "ಪರದೇಶದಲ್ಲಿ ಪಾಪ, ಎಷ್ಟು ಕಷ್ಟಪಟ್ಟರು! ನಿಮ್ಮೆಜಮಾನರಿಗಿಂತ ಎಷ್ಟು ಬೆಳ್ಳಗಿದ್ದರು!"

"ತಾಯಿ ಬಣ್ಣ ಬಂದಿತ್ತು" ಅಂದರು ಕಾಕೂ.

ಮೂರನೇ ಮಾಳಿಗೆಯ ಬೆಂಗಳೂರು ಹುಡುಗನೊಬ್ಬ ನನ್ನ ಹತ್ತಿರ ಬಂದು, "ಬಾಸ್, ಇವ್ರು ಆ ಓಲ್ಡ್ ಹಾಲಿವುಡ್ ಆಕ್ಟರ್ ಅಲ್ವಾ? ಅಂಕಲ್‌ಗೆ ನಿಜವಾಗ್ಲೂ ಬ್ರದರ್ರಾ?" ಎಂದು ಕೇಳಿದ. ಮುಂದಿನ ಸಾಲಿನಿಂದ ಕಾಕೂ ಹೊರಳಿ ಒಂದು ನೋಟ ನೋಡಿದರು. ಹುಡುಗ, "ಸಾರಿ ಆಂಟೀ, ಹೋಲಿಕೆ ಇದೆ" ಎಂದು ಹೋಗಿ ಕೂತ.

ಕೊನೆಯ ರೀಲು ಓಡಿತು. ಎಲ್ಲಾ ಕಳೆದುಕೊಂಡ ಸಾಹೇಬರು ಒಂದು ಗುಡ್ಡ ಏರಿ, ಅಲ್ಲಿಂದ ಹೊರಳಿ, ಟೊಪ್ಪಿಗೆ ತೆಗೆದು ನೋಡುವವರ ಕಡೆ ಕೈ ಬೀಸಿದರು. ಇಡೀ ಪಾರ್ಕಿಂಗ್ ಎದ್ದು ನಿಂತಿತು. ಎಲ್ಲರೂ ಹೊರಟರೆಂದೇ ತಿಳಿದೆ, ಆದರೆ ಒಬ್ಬರೂ ಕಾಲು ತೆಗೆಯಲಿಲ್ಲ. ಎಲ್ಲರೂ ಪರದೆಗೆ ಕೈಮುಗಿದು, ಬಟ್ಟೆ ಬೆಳ್ಳಗಾಗುವತನಕ ಹಾಗೇ ನಿಂತರು. ಕಾಕಾ ಗೋಡೆಗೆ ಮುಖ ಮಾಡಿ ಅಳುತ್ತಿದ್ದರು. ಆಜಿ ಅವರ ಬೆನ್ನು ಸವರಿ, ಅಣ್ಣನಿಗೆ ಮೋಕ್ಷ ಸಿಕ್ಕಿತು ಎಂದು ಸಮಾಧಾನ ಹೇಳಿದರು.

ಪಂಗ್ತಿ ಕೂತಿತು. ಮಂದಿ ಹೊಟ್ಟೆ ತುಂಬಾ ಉಂಡು, ಕಾಕೂನ ಹೋಳಿಗೆ ಹೊಗಳಿ, ಎಂಥಾ ಒಳ್ಳೇ ಮನುಷ್ಯ ಎಂದು ಸಾಹೇಬರನ್ನೂ ಹೊಗಳಿ ಹೋದರು. ಕಾಕಾ ಹೆದರುತ್ತಲೇ ಹೋಗಿ ಕಾಕೂನ ಮುಂದೆ ನಿಂತರು. "ಒಬ್ಬರೂ ಏಳಲಿಲ್ಲ ನೋಡು."

ಕಾಕೂ ಖಾಲಿ ಹೂರಣದ ಪಾತ್ರೆಯನ್ನು ಒಮ್ಮೆ ನೋಡಿದರು, ಕಾಕಾನ ಒದ್ದೆ ಕಣ್ಣನ್ನು ಒಮ್ಮೆ ನೋಡಿದರು.

"ಇರ್ಲಿ ರೀ, ಯಂತ್ರ ಮನ್ಯಾಗ ಇರ್ಲಿ. ಆದ್ರ ಈಗ ಖರೇ ಹೇಳ್ರಿ, ನಿಮಗ ಬೇಕಾದವರು ಇನ್ನ ಎಷ್ಟು ಮಂದಿ ಅಮೆರಿಕಾದಾಗ ಜೀವಂತ ಅದಾರ? ಬೆಲ್ಲಾ ಅಷ್ಟೂ ಒಮ್ಮೆಲೆ ತರಸ್ತೀನಿ."